ತ್ಸುಮಾಮಿ ಕಂಜಾಶಿ: ರೇಷ್ಮೆಯ ಎಸಳು, ಅಕ್ಕಿಯ ಅಂಟು

ಜಪಾನಿನ ಹೆಂಗಸರು ಮುಡಿಗೆ ಸಿಕ್ಕಿಸಿಕೊಳ್ಳುವ ಆಭರಣಗಳಿಗೆಲ್ಲ ಕಂಜಾಶಿ ಎಂದೇ ಹೆಸರು. ಲೋಹದ್ದು, ಅರಗು ಬಳಿದ ಮರದ್ದು, ಆಮೆಚಿಪ್ಪಿನದು ಎಂದು ಅವುಗಳಲ್ಲಿ ಹಲವು ಬಗೆಗಳಿವೆ. ಈ ಟಿಪ್ಪಣಿಯಲ್ಲಿ ನಾವು ನೋಡುವುದು ತ್ಸುಮಾಮಿ ಕಂಜಾಶಿಯನ್ನು, ಅಂದರೆ ತೆಳುರೇಷ್ಮೆಯ ಚಿಕ್ಕ ಚೌಕಗಳನ್ನು ಚಿಮುಟದಿಂದ ಮಡಿಸಿ, ಎಸಳೆಸಳಾಗಿ ಅಂಟಿಸಿ ಮಾಡುವ ಹೂವುಗಳನ್ನು. ಹೊಸದಾಗಿ ಕಲಿಯುವವರ ಗಮನವೆಲ್ಲ ಸಹಜವಾಗಿ ಮಡಿಕೆಯ ಮೇಲಿರುತ್ತದೆ. ಆದರೆ ಹೂವು ರೂಪುಗೊಳ್ಳುವ ಬಗೆ, ಕೆಲಸದ ವೇಗ, ಹಳೆಯ ಕಂಜಾಶಿಯನ್ನು ಕಾಪಾಡುವ ಕ್ರಮ ಇವೆಲ್ಲವನ್ನೂ ನಿರ್ಧರಿಸುವುದು ಅಕ್ಕಿಯಿಂದ ಮಾಡಿದ ಅಂಟು ಎಂಬುದು ನನ್ನ ದೃಢ ಅಭಿಪ್ರಾಯ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ಎದೊ ಕಾಲಕ್ಕೆ (1603–1868) ಮೊದಲು ಮೇಲ್ವರ್ಗದ ಹೆಂಗಸರು ಕೂದಲನ್ನು ಬೆನ್ನ ಮೇಲೆ ಇಳಿಬಿಡುತ್ತಿದ್ದರು. 17ನೆಯ ಶತಮಾನದಲ್ಲಿ ಶಿಮಾದಾ, ಕತ್ಸುಯಾಮಾ ಮೊದಲಾದ ಎತ್ತಿಕಟ್ಟುವ ತುರುಬುಗಳು ಬಳಕೆಗೆ ಬಂದ ಮೇಲೆ, ಅವುಗಳಿಗೆ ಸಿಕ್ಕಿಸುವ ಆಭರಣಗಳ ಕಸುಬೂ ಬೆಳೆಯಿತು. 1885ರ ಸುಮಾರಿಗೆ ಪಾಶ್ಚಾತ್ಯ ರೀತಿಯ ಸರಳ ಕೇಶಬಂಧವನ್ನು ಪ್ರಚಾರ ಮಾಡುವ ಚಳವಳಿ ಆರಂಭವಾದ ನಂತರ ಹಳೆಯ ತುರುಬುಗಳು ನಿತ್ಯಜೀವನದಿಂದ ಹಿಂದೆ ಸರಿದವು, ಅವುಗಳ ಜೊತೆಗೆ ಕಂಜಾಶಿಯೂ ಸರಿಯಿತು. ಇಂದು ಇದು ಮುಖ್ಯವಾಗಿ ಉಳಿದಿರುವುದು ಮದುವೆಗಳಲ್ಲಿ, ಮೂರು ಮತ್ತು ಏಳು ವರ್ಷದ ಹೆಣ್ಣುಮಕ್ಕಳಿಗಾಗಿ ನವೆಂಬರ್ 15ರ ಆಸುಪಾಸಿನಲ್ಲಿ ನಡೆಯುವ ಶಿಚಿಗೊಸಾನ್ ಆಚರಣೆಯಲ್ಲಿ, ಮತ್ತು ಕ್ಯೋಟೊದ ಮೈಕೊಗಳ, ಅಂದರೆ ಗೀಶಾ ವೃತ್ತಿಗೆ ತರಬೇತಿ ಪಡೆಯುತ್ತಿರುವ ಯುವತಿಯರ, ಮುಡಿಯಲ್ಲಿ. ಟೋಕಿಯೊ ಆಡಳಿತವು 1982ರಲ್ಲಿ ಎದೊ (ಟೋಕಿಯೊದ ಹಳೆಯ ಹೆಸರು) ತ್ಸುಮಾಮಿ ಕಂಜಾಶಿಯನ್ನು ತನ್ನ ಸಾಂಪ್ರದಾಯಿಕ ಕರಕುಶಲಗಳ ಪಟ್ಟಿಗೆ ಸೇರಿಸಿತು.

ಇನ್ನು ತಯಾರಿಕೆ. ಬಟ್ಟೆ ಹಬುತಾಎ ಎಂಬ ನಯವಾದ ಸಾದಾ ನೇಯ್ಗೆಯ ರೇಷ್ಮೆ. ರೇಷ್ಮೆಯ ತೂಕವನ್ನು ಮೊಮ್ಮೆ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಮೊಮ್ಮೆ ಎಂದರೆ ಚದರ ಮೀಟರಿಗೆ ಸುಮಾರು 4.3 ಗ್ರಾಂ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ನಾಲ್ಕು ಮೊಮ್ಮೆಯ ಬಟ್ಟೆ ಚದರ ಮೀಟರಿಗೆ ಕೇವಲ 17 ಗ್ರಾಂನಷ್ಟು ತೂಗುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುವ ಸೀರೆಯ ರೇಷ್ಮೆ ಇದಕ್ಕಿಂತ ಬಹಳ ದಪ್ಪವಾದದ್ದರಿಂದ, ಅದರ ಮಡಿಕೆಗಳು ಉಬ್ಬಿಕೊಂಡು ಎಸಳಿನ ಅಂಚು ಮೊಂಡಾಗುತ್ತದೆ. ಆರಂಭದಲ್ಲಿ ತೆಳುವಾದ ಹತ್ತಿಬಟ್ಟೆಯಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಮೂಲ ಮಡಿಕೆಗಳು ಎರಡೇ. ಚೌಕವನ್ನು ಕರ್ಣದ ಗುಂಟ ಮಡಿಸಿ ತ್ರಿಕೋನ ಮಾಡುವುದು, ಆ ತ್ರಿಕೋನವನ್ನು ಮತ್ತೆ ಅರ್ಧಕ್ಕೆ ಮಡಿಸುವುದು ಇವೆರಡೂ ಎರಡಕ್ಕೂ ಸಮಾನ. ಮೂರನೆಯ ಸಲವೂ ಅರ್ಧಕ್ಕೇ ಮಡಿಸಿದರೆ ಚೂಪು ತುದಿಯ ಕೆನ್ ಎಸಳು ಸಿಗುತ್ತದೆ. ಹಾಗೆ ಮಾಡದೆ, ಒಂದಾಗಿ ಕೂಡಿದ ಎರಡು ತುದಿಗಳನ್ನು ಬಿಡಿಸಿ ಒಂದೊಂದನ್ನೂ ಅದರದರ ಹೊರಬದಿಗೆ ಹಿಂದಕ್ಕೆ ಮಡಿಸಿದರೆ ದುಂಡು ಮುಖದ ಮಾರು ಎಸಳು ಸಿಗುತ್ತದೆ. ಸೇವಂತಿಗೆಗೆ ಚೂಪಿನದು ಹೊಂದುತ್ತದೆ, ಪ್ಲಮ್ ಹೂವಿಗೆ ದುಂಡಗಿನದು. ಉಳಿದ ವೈವಿಧ್ಯವೆಲ್ಲ ಚೌಕದ ಅಳತೆ, ಬಣ್ಣ ಮತ್ತು ಜೋಡಣೆಗಳಿಂದ ಹುಟ್ಟುತ್ತದೆ.

ಮಡಿಸಿದ ಎಸಳನ್ನು ನೇರವಾಗಿ ಹೂವಿಗೆ ಅಂಟಿಸುವುದಿಲ್ಲ. ಮರದ ಹಲಗೆಯ ಮೇಲೆ ಅಕ್ಕಿಯ ಅಂಟನ್ನು ಚೆನ್ನಾಗಿ ನಾದಿ, ಗಂಟಿಲ್ಲದಂತೆ ಸಮನಾಗಿ ಹರಡಿ, ಬುಡ ಕೆಳಗಾಗುವಂತೆ ಎಸಳುಗಳನ್ನು ಅದರಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಬುಡವು ಸಾಕಷ್ಟು ಅಂಟನ್ನು ಹೀರಿಕೊಂಡ ಮೇಲೆ ಒಂದೊಂದನ್ನೇ ಚಿಮುಟದಿಂದ ಎತ್ತಿ, ತಂತಿ ಜೋಡಿಸಿದ ಕಾಗದದ ಬಿಲ್ಲೆಯ ಮೇಲೆ ಕೂರಿಸುತ್ತಾರೆ. ಈ ಅಂಟು ನಿಧಾನವಾಗಿ ಒಣಗುತ್ತದೆ, ಅದರ ದೊಡ್ಡ ಗುಣವೇ ಅದು. ಎಲ್ಲ ಎಸಳುಗಳನ್ನೂ ಕೂರಿಸಿದ ನಂತರವೂ ಅವುಗಳ ನಡುವಿನ ಅಂತರವನ್ನು ತಿದ್ದಬಹುದು, ಮಾರು ಎಸಳಿನ ಬಾಯನ್ನು ಚಿಮುಟದ ತುದಿಯಿಂದ ಮೆಲ್ಲಗೆ ಅಗಲಿಸಿ ಅರಳಿಸಬಹುದು. ಬೇಗ ಬಿಗಿಯುವ ಇಂದಿನ ಅಂಟುಗಳಲ್ಲಿ ಕೆಲಸ ಶೀಘ್ರವಾಗಿ ಮುಗಿದರೂ ಈ ತಿದ್ದುಪಡಿಗೆ ಅವಕಾಶವಿರುವುದಿಲ್ಲ. ಹೂವು ಜೀವಂತವಾಗಿ ಕಾಣುವುದು ಈ ಕೊನೆಯ ಹಂತದಲ್ಲೇ ಆದ್ದರಿಂದ, ಕಲಿಯುವವರು ಒಮ್ಮೆಯಾದರೂ ಅಕ್ಕಿಯ ಅಂಟಿನಲ್ಲಿ ಕೆಲಸ ಮಾಡಿ ನೋಡಲೇಬೇಕು.

ಈ ಕಲೆಯ ಪೂರ್ಣ ವಿಸ್ತಾರವನ್ನು ಕಾಣಬೇಕಾದರೆ ಮೈಕೊಗಳ ಹೂ ಕಂಜಾಶಿಗಳನ್ನು ತಿಂಗಳುವಾರು ಅಭ್ಯಾಸ ಮಾಡಬೇಕು. ಫೆಬ್ರವರಿಗೆ ಪ್ಲಮ್, ಮಾರ್ಚಿಗೆ ಸಾಸಿವೆ ಜಾತಿಯ ಹಳದಿ ಹೂ, ಏಪ್ರಿಲ್‌ಗೆ ಚೆರ್ರಿ, ಮೇ ತಿಂಗಳಿಗೆ ಜೋತುಬೀಳುವ ನೇರಳೆ ಬಣ್ಣದ ವಿಸ್ಟೀರಿಯಾ, ಅಕ್ಟೋಬರ್‌ಗೆ ಸೇವಂತಿಗೆ, ನವೆಂಬರ್‌ಗೆ ಕೆಂಪೇರಿದ ಮೇಪಲ್ ಎಲೆ. ಡಿಸೆಂಬರಿನಲ್ಲಿ ಕ್ಯೋಟೊದ ಮಿನಾಮಿಜಾ ರಂಗಮಂದಿರದಲ್ಲಿ ಕಬುಕಿ ಎಂಬ ಸಾಂಪ್ರದಾಯಿಕ ನಾಟಕದ ನಟರ ಕಾಒಮಿಸೆ, ಅಂದರೆ 'ಮುಖ ತೋರಿಸುವ', ವಾರ್ಷಿಕ ಪ್ರದರ್ಶನ ನಡೆಯುತ್ತದೆ. ಆಗಿನ ಕಂಜಾಶಿಯಲ್ಲಿ ಎರಡು ಖಾಲಿ ನಾಮಫಲಕಗಳಿರುತ್ತವೆ. ಮೈಕೊ ತನ್ನ ಮೆಚ್ಚಿನ ನಟರಿಂದ ಅವುಗಳ ಮೇಲೆ ಹೆಸರು ಬರೆಸಿಕೊಳ್ಳುತ್ತಾಳೆ. ಹೊಸವರ್ಷದಲ್ಲಿ ಮುಡಿಯುವುದು ನಿಜವಾದ ಭತ್ತದ ತೆನೆ ಮತ್ತು ಕಣ್ಣು ಬಿಡಿಸದ ಪುಟ್ಟ ಬಿಳಿ ಪಾರಿವಾಳ. ಆ ಕಣ್ಣನ್ನು ತನಗೆ ಪ್ರಿಯರಾದವರಿಂದ ಬಿಡಿಸಿಕೊಳ್ಳುವ ವಾಡಿಕೆ ನನಗೆ ಬಹಳ ಇಷ್ಟವಾದದ್ದು. ಮೊದಲ ವರ್ಷದ ಮೈಕೊಗೆ ಎಸಳುಗಳ ಸರ ಕೆನ್ನೆಯ ಪಕ್ಕ ಇಳಿಬಿದ್ದಿರುತ್ತದೆ, ಹಿರಿಯಳಾದಂತೆ ಆ ಸರ ಇಲ್ಲವಾಗುತ್ತದೆ. ಹೀಗಾಗಿ ಕಂಜಾಶಿಯೊಂದನ್ನು ನೋಡಿಯೇ ಅದನ್ನು ಮುಡಿದವಳ ಹಂತವನ್ನೂ ಮುಡಿದ ತಿಂಗಳನ್ನೂ ಬಹುಮಟ್ಟಿಗೆ ಗುರುತಿಸಬಹುದು.

ಸಂಗ್ರಹಿಸುವವರು ಇಲ್ಲಿಯೂ ಅಂಟಿನಿಂದಲೇ ಆರಂಭಿಸಬೇಕು. ಅಕ್ಕಿಯ ಅಂಟು ನೀರಿಗೆ ಕರಗುತ್ತದೆ, ಹುಳುಗಳಿಗೂ ಅದು ಆಹಾರ. ಆದ್ದರಿಂದ ಹಳೆಯ ಕಂಜಾಶಿಯನ್ನು ಒದ್ದೆಬಟ್ಟೆಯಿಂದ ಒರೆಸಬಾರದು. ಧೂಳನ್ನು ಮೃದುವಾದ ಒಣ ಕುಂಚದಿಂದ ತೆಗೆದು, ಎಸಳು ಒತ್ತಿಹೋಗದಂತೆ ಎತ್ತರದ ಪೆಟ್ಟಿಗೆಯಲ್ಲಿ, ಬೆಳಕು ಬೀಳದ ಒಣ ಜಾಗದಲ್ಲಿ ಇಡಬೇಕು. ಕರಾವಳಿ, ಮಲೆನಾಡುಗಳಲ್ಲಿರುವವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣವನ್ನು ತಪ್ಪದೆ ಜೊತೆಗಿಡಬೇಕು. ಅಂಟು ನೀರಿಗೆ ಕರಗುವ ಅದೇ ಗುಣದಿಂದ ಒಂದು ಅನುಕೂಲವೂ ಇದೆ: ಕೆಟ್ಟ ಎಸಳೊಂದರ ಬುಡವನ್ನು ತುಸುವೇ ತೇವಮಾಡಿ ಸಡಿಲಿಸಿ, ಹೊಸ ಎಸಳನ್ನು ಕೂರಿಸಬಹುದು.

ಮುಡಿಗೆ ಸಿಕ್ಕಿಸುವ ಕಡ್ಡಿಯ ಭಾಗದಲ್ಲಿ ಹೆಚ್ಚಿನ ಎಚ್ಚರ ಬೇಕು. ಕಡ್ಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನದಾದರೆ ಅದು ಬೇಗ ಬೆಂಕಿ ಹಿಡಿಯುತ್ತದೆ, ಹಳತಾದಂತೆ ಅದರಿಂದ ಹೊರಡುವ ಅನಿಲ ಲೋಹವನ್ನು ಕೆಡಿಸುತ್ತದೆ. ಅದನ್ನು ಬೇರೆಯಾಗಿಯೇ ಇಡಬೇಕು. ಬೆಕ್ಕೊ ಎಂದು ಮಾರುವ ಕಂದು-ಹಳದಿ ಮಚ್ಚೆಯ ವಸ್ತು ನಿಜವಾದದ್ದಾದರೆ ಅದು ಹಾಕ್ಸ್‌ಬಿಲ್ ಕಡಲಾಮೆಯ ಚಿಪ್ಪು. ಜಪಾನ್ ಅದರ ಆಮದನ್ನು 1992ರ ಕೊನೆಗೆ ನಿಲ್ಲಿಸಿತು. ಭಾರತದಲ್ಲಿ ಈ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. ಆದ್ದರಿಂದ ವಿದೇಶದಿಂದ ಕಂಜಾಶಿ ತರಿಸುವ ನಮ್ಮವರು, ಮಾರುವವರು ಅದನ್ನು ಎಷ್ಟೇ ಹಳೆಯದೆಂದು ಹೇಳಿದರೂ, ಬೆಕ್ಕೊ ಕಡ್ಡಿಯಿರುವುದನ್ನು ಕೊಳ್ಳಕೂಡದು.