ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಾ? ಬೇಡ, ಒಂದೇ ಒಳ್ಳೆಯದು ತಗೊಳ್ಳಿ

ಗೇಮಿಂಗ್ ಪಿಸಿ ಅಪ್‌ಗ್ರೇಡ್ ಮಾಡಿಸಲು ಬರುವವರು ಇವತ್ತಿಗೂ ಕೇಳುವ ಒಂದು ಪ್ರಶ್ನೆ ಇದೆ. "ನನ್ನ ಹತ್ರ ಈಗಾಗ್ಲೇ ಒಂದು ಕಾರ್ಡ್ ಇದೆ. ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗ್ತಿದೆ. ಎರಡನ್ನೂ ಸೇರಿಸಿ ಹಾಕಿದ್ರೆ ಹೊಸ ಕಾರ್ಡಿನ ದುಡ್ಡು ಉಳಿಯುತ್ತೆ ಅಲ್ವಾ?" ಮದರ್‌ಬೋರ್ಡ್ ಮೇಲೆ ಎರಡು ಉದ್ದನೆಯ ಸ್ಲಾಟ್ ಕಣ್ಣಿಗೆ ಕಾಣುತ್ತಿರುತ್ತವೆ. ಒಂದು ಖಾಲಿ ಇದೆ. ಹಾಗಾಗಿ ಈ ಲೆಕ್ಕ ಹೊಳೆಯುವುದು ಸಹಜ. ಆದರೆ ಆಟ ಆಡುವುದಕ್ಕೇ ಪಿಸಿ ಅಂದರೆ ನನ್ನ ಉತ್ತರ ಬೇಡ ಅಂತಲೇ. ಹಳೆಯದನ್ನು ಮಾರಿ, ಬಂದಷ್ಟು ದುಡ್ಡು ಸೇರಿಸಿ, ಒಂದೇ ಒಂದು ಒಳ್ಳೆಯ ಕಾರ್ಡ್ ತಗೊಳ್ಳಿ.

ಎರಡು ಕಾರ್ಡ್ ಯಾವತ್ತೂ ಕೆಲಸ ಮಾಡಿಲ್ಲ ಅಂತ ಇದರರ್ಥ ಅಲ್ಲ. 1998ರಲ್ಲಿ ಬಂದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ 2 ಕಾರ್ಡುಗಳನ್ನು ಜೋಡಿಯಾಗಿ ಹಾಕಬಹುದಿತ್ತು. ಪರದೆಯ ಗೆರೆಗಳನ್ನು ಎರಡೂ ಹಂಚಿಕೊಂಡು ಬಿಡಿಸುತ್ತಿದ್ದವು. ಆ ಕಂಪನಿ ಮುಳುಗುವ ಹೊತ್ತಿಗೆ ಅದರ ತಂತ್ರಜ್ಞಾನ ಎನ್ವಿಡಿಯಾ ಕೈಸೇರಿತು. 2004ರಲ್ಲಿ ಎನ್ವಿಡಿಯಾ ಎರಡು ಕಾರ್ಡ್ ಜೋಡಿಸುವ ತನ್ನದೇ ಎಸ್‌ಎಲ್‌ಐ ತಂದಿತು. ಮರುವರ್ಷ ಎಟಿಐ (ಮುಂದೆ ಎಎಮ್‌ಡಿ ಕೊಂಡ ಕಂಪನಿ) ಕಡೆಯಿಂದ ಅಂಥದೇ ಕ್ರಾಸ್‌ಫೈರ್ ಬಂತು. ಮುಂದಿನ ಹತ್ತು ವರ್ಷ ಜೋರಾಗಿಯೇ ನಡೆಯಿತು. ಒಂದೇ ಬೋರ್ಡಿನಲ್ಲಿ ಎರಡು ಚಿಪ್ ಕೂರಿಸಿದ ಕಾರ್ಡುಗಳೂ ಬಂದವು. 2014ರಲ್ಲಿ ಬಂದ ಎಎಮ್‌ಡಿಯ ಆರ್9 295ಎಕ್ಸ್2 ಕಾರ್ಡಿನ ರೇಟಿಂಗ್ 500 ವ್ಯಾಟ್. ಅದನ್ನು ತಣ್ಣಗಿಡಲು ಕಂಪನಿಯೇ ಲಿಕ್ವಿಡ್ ಕೂಲಿಂಗ್ ಕೊಡಬೇಕಾಯಿತು. ಸರಿಯಾಗಿ ಸಪೋರ್ಟ್ ಇದ್ದ ಆಟದಲ್ಲಿ ಎರಡು ಕಾರ್ಡ್ ಸೇರಿ ಒಂದೂವರೆ ಪಟ್ಟಿಗಿಂತ ಜಾಸ್ತಿ ವೇಗ ಕೊಡುತ್ತಿದ್ದವು. ಸಪೋರ್ಟ್ ಇಲ್ಲದ ಆಟದಲ್ಲಿ ಎರಡನೆಯದು ಸುಮ್ನೆ ಕೂತಿರುತ್ತಿತ್ತು.

ಇಡೀ ವಿಷಯ ನಿಂತಿರುವುದು ಆ ಸಪೋರ್ಟ್ ಮೇಲೆ. ಎರಡು ಕಾರ್ಡ್ ಒಟ್ಟಿಗೆ ದುಡಿಯಬೇಕಾದರೆ ಯಾರಾದರೂ ಅದಕ್ಕೆ ಸಾಫ್ಟ್‌ವೇರ್ ಬರೆಯಬೇಕು. ಮೊದಲು ಆ ಕೆಲಸವನ್ನು ಕಾರ್ಡ್ ಕಂಪನಿಯ ಡ್ರೈವರ್ ತಂಡ ಮಾಡುತ್ತಿತ್ತು. ಪ್ರತಿ ದೊಡ್ಡ ಆಟಕ್ಕೂ ಒಂದೊಂದು ಪ್ರೊಫೈಲ್ ಬರೆದು ಡ್ರೈವರ್ ಜೊತೆ ಕೊಡುತ್ತಿದ್ದರು. 2015ರಲ್ಲಿ ಡೈರೆಕ್ಟ್‌ಎಕ್ಸ್ 12 (ಆಟ ಮತ್ತು ಗ್ರಾಫಿಕ್ಸ್ ಕಾರ್ಡ್ ಮಾತಾಡಿಕೊಳ್ಳಲು ವಿಂಡೋಸ್‌ನಲ್ಲಿರುವ ಸಾಫ್ಟ್‌ವೇರ್) ಬಂದಾಗ ಆ ಹೊಣೆ ಆಟ ಬರೆಯುವವರ ಹೆಗಲಿಗೆ ಹೋಯಿತು. ಆಟದ ಎಂಜಿನ್ ಒಳಗೇ ಎರಡು ಕಾರ್ಡಿಗೆ ಕೆಲಸ ಹಂಚುವ ಕೋಡ್ ಇರಬೇಕು. ಆ್ಯಷಸ್ ಆಫ್ ದಿ ಸಿಂಗ್ಯುಲಾರಿಟಿ, ಶ್ಯಾಡೋ ಆಫ್ ದಿ ಟೂಂಬ್ ರೈಡರ್ ಥರದ ಕೆಲವು ಆಟಗಳವರು ಬರೆದರು. ಉಳಿದವರಲ್ಲಿ ಹೆಚ್ಚಿನವರು ಬರೆಯಲಿಲ್ಲ. ಎರಡು ಕಾರ್ಡ್ ಇರುವವರು ಬೆರಳೆಣಿಕೆಯ ಮಂದಿ. ಅವರಿಗಾಗಿ ತಿಂಗಳುಗಟ್ಟಲೆ ಟೆಸ್ಟಿಂಗ್ ಮಾಡಲು ಯಾವ ಸ್ಟುಡಿಯೋ ಒಪ್ಪುತ್ತದೆ ಹೇಳಿ.

ಕಾರ್ಡ್ ಕಂಪನಿಗಳೂ ಒಂದೊಂದೇ ಬಾಗಿಲು ಮುಚ್ಚುತ್ತ ಬಂದವು. 2016ರ ಜಿಟಿಎಕ್ಸ್ 1060ಗೆ ಎಸ್‌ಎಲ್‌ಐ ಕನೆಕ್ಟರೇ ಇರಲಿಲ್ಲ. 2019ರ ಆರ್‌ಎಕ್ಸ್ 5700 ಎಕ್ಸ್‌ಟಿ ಕ್ರಾಸ್‌ಫೈರ್ ಬಿಟ್ಟಿತು. 2020ರ ಆರ್‌ಟಿಎಕ್ಸ್ 30 ಸರಣಿಯ ಗೇಮಿಂಗ್ ಕಾರ್ಡುಗಳಲ್ಲಿ 3090 ಮತ್ತು ಆಮೇಲೆ ಬಂದ 3090 ಟಿಐಗೆ ಮಾತ್ರ ಎರಡು ಕಾರ್ಡ್ ಜೋಡಿಸುವ ಎನ್‌ವಿಲಿಂಕ್ ಕನೆಕ್ಟರ್ ಇತ್ತು. 2021ರ ಜನವರಿಯಿಂದ ಎನ್ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನೇ ನಿಲ್ಲಿಸಿತು. 2022ರ 40 ಸರಣಿಯಲ್ಲಿ 4090ಗೂ ಆ ಕನೆಕ್ಟರ್ ಇಲ್ಲ. ಅಂದರೆ ಇವತ್ತು ಎರಡು ಹೊಸ ಕಾರ್ಡ್ ತಂದು ಹಾಕಿದರೂ ಹೆಚ್ಚುಕಮ್ಮಿ ಎಲ್ಲ ಹೊಸ ಆಟಗಳೂ ಒಂದನ್ನೇ ಬಳಸುತ್ತವೆ.

ಸಪೋರ್ಟ್ ಇದ್ದ ಕಾಲದಲ್ಲೂ ಒಂದು ಕಿರಿಕಿರಿ ಇತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಬೆಂಚ್‌ಮಾರ್ಕ್ ನೋಡಿ ಮರುಳಾಗುವವರಿಗೆ ಗೊತ್ತಾಗದೆ ಹೋಗುವುದು ಇದೇ.

ಸಾಮಾನ್ಯವಾಗಿ ಎರಡು ಕಾರ್ಡುಗಳು ಫ್ರೇಮ್‌ಗಳನ್ನು, ಅಂದರೆ ಪರದೆಯ ಒಂದೊಂದು ಚಿತ್ರವನ್ನು, ಸರದಿಯಂತೆ ಹಂಚಿಕೊಳ್ಳುತ್ತಿದ್ದವು. ಬೆಸ ಫ್ರೇಮ್ ಒಂದಕ್ಕೆ, ಸಮ ಫ್ರೇಮ್ ಇನ್ನೊಂದಕ್ಕೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮ್ 16.7 ಮಿಲಿಸೆಕೆಂಡಿಗೆ ಬರಬೇಕು. ಒಂದು ಕಾರ್ಡ್ ಇದ್ದರೆ ಹೆಚ್ಚುಕಮ್ಮಿ ಹಾಗೇ ಬರುತ್ತದೆ. ಎರಡು ಕಾರ್ಡಿನ ತಾಳ ತಪ್ಪಿದಾಗ ಏನಾಗುತ್ತದೆ ನೋಡಿ. ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ ಬರುತ್ತದೆ, ಮುಂದಿನದು 28ಕ್ಕೆ, ಮತ್ತೆ 5, ಮತ್ತೆ 28. ಸರಾಸರಿ ತೆಗೆದರೆ 16.5. ಮೂಲೆಯಲ್ಲಿ ಕಾಣುವ ಎಫ್‌ಪಿಎಸ್ ಕೌಂಟರ್ 60 ಅಂತಲೇ ತೋರಿಸುತ್ತದೆ. ಆದರೆ 5 ಮಿಲಿಸೆಕೆಂಡಿನ ಫ್ರೇಮ್ ಕಣ್ಣಿಗೆ ನಿಲ್ಲುವುದೇ ಇಲ್ಲ. ಕಣ್ಣು ಹಿಡಿಯುವುದು 28ರ ಅಂತರವನ್ನು. ಆಟ ಸೆಕೆಂಡಿಗೆ 36 ಫ್ರೇಮ್ ಓಡುತ್ತಿರುವ ಹಾಗೆ ಎಳೆಯುತ್ತದೆ. ಇದಕ್ಕೇ ಮೈಕ್ರೋ ಸ್ಟಟರ್ ಅನ್ನುತ್ತಾರೆ. "ಎಫ್‌ಪಿಎಸ್ ಚೆನ್ನಾಗೇ ಇದೆ, ಆದ್ರೂ ಸ್ಮೂತ್ ಅನ್ನಿಸ್ತಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಎಫ್‌ಪಿಎಸ್ ನೋಡುವುದಿಲ್ಲ, ಫ್ರೇಮ್ ಟೈಮ್ ಗ್ರಾಫ್ ತೆರೆಯುತ್ತೇನೆ. ಗೆರೆ ನೇರವಾಗಿ ಹೋಗಬೇಕು. ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಆಗುತ್ತಿದ್ದರೆ ಸರಾಸರಿಗೆ ಅರ್ಥವೇ ಇಲ್ಲ.

ಈಗಿನ ಆಟಗಳಲ್ಲಿ ಈ ಸರದಿ ಪದ್ಧತಿಗೆ ಇನ್ನೂ ದೊಡ್ಡ ತೊಡಕಿದೆ. ಹೊಸ ಫ್ರೇಮ್ ಬಿಡಿಸಲು ಹಿಂದಿನ ಫ್ರೇಮಿನ ಮಾಹಿತಿ ಬೇಕು. ಅಂಚುಗಳನ್ನು ನಯ ಮಾಡುವ ಟಿಎಎ, ಚಿತ್ರವನ್ನು ದೊಡ್ಡದು ಮಾಡುವ ಈಗಿನ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ 2 ಮತ್ತು ಅದರ ಮುಂದಿನವು ಇವೆಲ್ಲ ಹಿಂದಿನ ಫ್ರೇಮ್ ನೋಡಿಯೇ ಕೆಲಸ ಮಾಡುವುದು. ಸರದಿಯಲ್ಲಿ ಆ ಹಿಂದಿನ ಫ್ರೇಮ್ ಇರುವುದು ಪಕ್ಕದ ಕಾರ್ಡಿನ ಮೆಮೊರಿಯಲ್ಲಿ. ಅದನ್ನು ತರಿಸಿಕೊಳ್ಳುವವರೆಗೆ ಈ ಕಾರ್ಡ್ ಕಾಯಬೇಕು. ಹೀಗೆ ಕಾಯುತ್ತ ಕೂತರೆ ಎರಡು ಕಾರ್ಡ್ ಇದ್ದು ಏನು ಬಂತು? ನನ್ನ ಪ್ರಕಾರ ಎಸ್‌ಎಲ್‌ಐ ಮತ್ತು ಕ್ರಾಸ್‌ಫೈರ್ ತೆರೆಮರೆಗೆ ಸರಿಯಲು ಕಂಪನಿಗಳ ಲಾಭ ನಷ್ಟಕ್ಕಿಂತ ದೊಡ್ಡ ಕಾರಣ ಇದು. ಆಟಗಳು ಚಿತ್ರ ಬಿಡಿಸುವ ರೀತಿಯೇ ಬದಲಾಯಿತು.

ಮೆಮೊರಿ ಬಗ್ಗೆಯೂ ಒಂದು ಮಾತು. "8 ಜಿಬಿ ಕಾರ್ಡ್ ಎರಡು ಹಾಕಿದ್ರೆ 16 ಜಿಬಿ ಆಯ್ತಲ್ಲ" ಅನ್ನುವವರು ತುಂಬಾ ಜನ. ಆಟದ ಮಟ್ಟಿಗೆ ಅದು 8 ಜಿಬಿಯೇ. ಪ್ರತಿ ಕಾರ್ಡೂ ಅವೇ ಟೆಕ್ಸ್ಚರ್‌ಗಳನ್ನು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಒಂದೇ ಪುಸ್ತಕದ ಎರಡು ಪ್ರತಿ ಇದೆ ಅಂತ ಪುಟ ಜಾಸ್ತಿ ಆಗುವುದಿಲ್ಲ. ಈಗ ಬಹಳಷ್ಟು ಆಟಗಳು ಮುಗ್ಗರಿಸುವುದೇ ಮೆಮೊರಿ ತುಂಬಿ. ಆ ಕೊರತೆಯನ್ನು ಎರಡನೇ ಕಾರ್ಡ್ ತುಂಬಿಕೊಡುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಹತ್ತಿರ 2016ರ ಜಿಟಿಎಕ್ಸ್ 1070 ಇದೆ. ಅದರ ಕಾಲಕ್ಕೆ ಅದ್ಭುತ ಕಾರ್ಡ್, ನನಗೂ ಇಷ್ಟವಾದದ್ದು. ಅದು 150 ವ್ಯಾಟ್ ಕುಡಿಯುತ್ತದೆ. ಇನ್ನೊಂದು ಸೇರಿಸಿದರೆ 300. ಆಟಕ್ಕೆ ಸಿಗುವ ಮೆಮೊರಿ 8 ಜಿಬಿ. ಪಕ್ಕದಲ್ಲಿ ಒಂದೇ ಆರ್‌ಟಿಎಕ್ಸ್ 4060 ಇಡಿ. 115 ವ್ಯಾಟ್, 8 ಜಿಬಿ. ಒಂದು 1070ಕ್ಕಿಂತ ಎಷ್ಟೋ ಮುಂದೆ, ಅದೂ ಎಲ್ಲ ಆಟಗಳಲ್ಲಿ. ಜೊತೆಗೆ ಡಿಎಲ್‌ಎಸ್‌ಎಸ್ ಇದೆ, ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇದೆ. 2024ರ ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್, 2025ರ ಡೂಮ್: ದಿ ಡಾರ್ಕ್ ಏಜಸ್ ಎರಡೂ ರೇ ಟ್ರೇಸಿಂಗ್ ಹಾರ್ಡ್‌ವೇರ್ ಬೇಕೇ ಬೇಕು ಅನ್ನುತ್ತವೆ. ಇಲ್ಲದ ಕಾರ್ಡ್ ಎರಡಿದ್ದರೂ ಅಷ್ಟೇ, ನಾಲ್ಕಿದ್ದರೂ ಅಷ್ಟೇ. ಮೇಲಾಗಿ ಜಿಟಿಎಕ್ಸ್ 10 ಸರಣಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿತು. ಈಗ ಅದಕ್ಕೆ ಬರುವುದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಅಂಥ ಕಾರ್ಡನ್ನೇ ಇನ್ನೊಂದು ಕೊಂಡು ತರುವುದು ದುಡ್ಡು ದಂಡ.

ಕೇಸಿನೊಳಗಿನ ಕಷ್ಟ ಬೇರೆ. ಎರಡು ಕಾರ್ಡ್ ಒಂದರ ಕೆಳಗೊಂದು ಕೂತಾಗ ಕೆಳಗಿನದರ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ. ಮೇಲಿನ ಕಾರ್ಡ್ ಬೇಗ ಕಾಯುತ್ತದೆ, ಫ್ಯಾನ್ ಕೂಗುತ್ತದೆ, ಕೊನೆಗೆ ತಾನಾಗೇ ವೇಗ ಇಳಿಸಿಕೊಳ್ಳುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್‌ಗೆ ಅಂತ ಇರುವುದು 16 ಪಿಸಿಐ ಎಕ್ಸ್‌ಪ್ರೆಸ್ ಲೇನ್, ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವೆ ಮಾಹಿತಿ ಓಡಾಡುವ ದಾರಿ. ಒಳ್ಳೆಯ ಬೋರ್ಡ್ ಆದರೆ ಎರಡು ಕಾರ್ಡಿಗೆ ಎಂಟೆಂಟು ಹಂಚುತ್ತದೆ. ಸಾಧಾರಣ ಬೋರ್ಡುಗಳಲ್ಲಿ ಎರಡನೇ ಸ್ಲಾಟ್ ನೋಡಲಷ್ಟೇ ಉದ್ದ, ಒಳಗಿರುವುದು ನಾಲ್ಕೇ ಲೇನ್, ಅದೂ ಚಿಪ್‌ಸೆಟ್ ಮೂಲಕ. ಪವರ್ ಸಪ್ಲೈ ಬದಲಿಸಬೇಕಾದರೆ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಳಿತಾಯ ಅಂದುಕೊಂಡದ್ದು ಅಲ್ಲೇ ಕರಗುತ್ತದೆ.

ಹಾಗಾದರೆ ಎರಡು ಕಾರ್ಡ್ ಯಾರಿಗೆ ಬೇಕು? ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಸೈಕಲ್ಸ್ ಎಂಜಿನ್ ಬಳಸಿ ಚಿತ್ರ ರೆಂಡರ್ ಮಾಡುವವರಿಗೆ ಬೇಕು. ಅಲ್ಲಿ ಒಂದೇ ಚಿತ್ರದ ಕೆಲಸವನ್ನು ಎರಡೂ ಕಾರ್ಡ್ ಹಂಚಿಕೊಳ್ಳುತ್ತವೆ, 16 ಮಿಲಿಸೆಕೆಂಡಿನ ಗಡುವು ಇರುವುದಿಲ್ಲ. ಮನೆಯ ಪಿಸಿಯಲ್ಲೇ ಎಐನ ದೊಡ್ಡ ಭಾಷಾ ಮಾಡೆಲ್ ಓಡಿಸುವವರಿಗೂ ಬೇಕು. ಮಾಡೆಲಿನ ಪದರಗಳನ್ನು ಎರಡು ಕಾರ್ಡಿಗೆ ಹಂಚಬಹುದು, ಹಾಗಾಗಿ ಅಲ್ಲಿ ಮೆಮೊರಿ ನಿಜವಾಗಿಯೂ ಕೂಡಿಕೊಳ್ಳುತ್ತದೆ. 24 ಜಿಬಿಯ ಎರಡು 3090 ಹಾಕಿಕೊಂಡವರು ಸುಮ್ನೆ ಹಾಕಿಕೊಂಡಿಲ್ಲ. ಗೇಮಿಂಗ್‌ನಲ್ಲಿ ಈಚೆಗೆ ಕೇಳಿಬರುವುದು ಲಾಸ್‌ಲೆಸ್ ಸ್ಕೇಲಿಂಗ್ ಅನ್ನುವ ಸಾಫ್ಟ್‌ವೇರ್. ಮುಖ್ಯ ಕಾರ್ಡ್ ಆಟ ಓಡಿಸುತ್ತದೆ, ಎರಡನೆಯದು ನಡುನಡುವೆ ಹೊಸ ಫ್ರೇಮ್ ಹುಟ್ಟಿಸುತ್ತದೆ. ಮಾನಿಟರನ್ನು ಆ ಎರಡನೇ ಕಾರ್ಡಿಗೇ ಜೋಡಿಸಬೇಕು. ಚಿತ್ರ ನುಣುಪಾಗುವುದು ನಿಜ. ಆದರೆ ಮೌಸ್ ಅಲ್ಲಾಡಿಸಿದ್ದಕ್ಕೂ ಪರದೆ ಪ್ರತಿಕ್ರಿಯಿಸುವುದಕ್ಕೂ ನಡುವಿನ ತಡ ಅದರಿಂದ ಕಡಿಮೆಯಾಗುವುದಿಲ್ಲ. ಹಳೆಯ ಕಾರ್ಡ್ ಮೂಲೆಯಲ್ಲಿ ಬಿದ್ದಿದ್ದರೆ ಪ್ರಯತ್ನಿಸಿ ನೋಡಿ. ಅದಕ್ಕಾಗಿಯೇ ಹೊಸದಾಗಿ ಕೊಳ್ಳಬೇಡಿ. ಹಾಗೇ, ಹಳೆಯ ಎಸ್‌ಎಲ್‌ಐ ಪಿಸಿ ಇದ್ದು, ಆ ಕಾಲದ ಆಟಗಳನ್ನೇ ಆಡಿಕೊಂಡು ಖುಷಿಯಾಗಿದ್ದರೆ ಅದನ್ನು ಬಿಚ್ಚುವ ಅಗತ್ಯವೂ ಇಲ್ಲ.

ಹೊಸ ಕಾರ್ಡಿಗೆ ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ನನ್ನ ಹತ್ತಿರ ಬರುವ ಪಿಸಿಗೆಲ್ಲ ನಾನು ಮೊದಲು ಮಾಡುವುದು ಇದನ್ನೇ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ, ಆಟ ಓಡುವಾಗ ಕಾರ್ಡಿನ ಬಳಕೆ ಎಷ್ಟು ಶೇಕಡಾ ಅಂತ ಪರದೆಯ ಮೇಲೆ ಬರುವ ಹಾಗೆ ಮಾಡಿ. ಎಫ್‌ಪಿಎಸ್ ಮಿತಿ, ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಎರಡನ್ನೂ ತೆಗೆದಿರಿ. ನಿಮ್ಮ ಆಟದ ಅತಿ ಗಡಿಬಿಡಿಯ ಜಾಗಕ್ಕೆ ಹೋಗಿ ಹತ್ತು ನಿಮಿಷ ಆಡಿ. ಬಳಕೆ 95ರಿಂದ 99ರಲ್ಲಿ ನಿಂತಿದ್ದರೆ ಕಾರ್ಡ್ ಸುಸ್ತಾಗಿದೆ, ಹೊಸ ಕಾರ್ಡಿನಿಂದ ಲಾಭ ಇದೆ. 60, 70ರ ಸುತ್ತ ಓಡಾಡುತ್ತಿದ್ದರೆ ಕಾರ್ಡ್ ಬೇರೆ ಯಾರಿಗೋ ಕಾಯುತ್ತಿದೆ ಅಂತ ಅರ್ಥ, ಬಹುಪಾಲು ಪ್ರೊಸೆಸರಿಗೆ. ಖಾತ್ರಿಗೆ ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ ಏರದಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಸುರಿದರೂ ಆ ಆಟ ವೇಗವಾಗುವುದಿಲ್ಲ. ಹೀಗೆ ನೋಡಿದಾಗ ರ್‍ಯಾಮ್ ಒಂದೇ ಕಡ್ಡಿಯಲ್ಲಿ ಇರುವುದು, ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡದೇ ಬಿಟ್ಟಿರುವುದು ಸಿಕ್ಕಿಬೀಳುತ್ತದೆ. ಅಷ್ಟನ್ನು ಸರಿಮಾಡಿಸಿಕೊಂಡು ಹೊಸ ಕಾರ್ಡಿನ ಯೋಚನೆಯನ್ನೇ ಕೈಬಿಟ್ಟು ಹೋದವರೂ ಇದ್ದಾರೆ.

ಕಾರ್ಡ್ ಯಾವುದು ಅನ್ನುವುದನ್ನು ನಿಮ್ಮ ಮಾನಿಟರ್ ಹೇಳುತ್ತದೆ. 1080ಪಿ ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್, 1440ಪಿ ಅಂದರೆ 37 ಲಕ್ಷ, 4ಕೆ ಅಂದರೆ 83 ಲಕ್ಷ. 1080ಪಿ ಮಾನಿಟರಿಗೆ 4ಕೆ ಕಾರ್ಡ್ ತರುವುದರಲ್ಲಿ ಅರ್ಥವಿಲ್ಲ. ಈಗ ಹೊಸದಾಗಿ ಕೊಳ್ಳುವವರಿಗೆ ನಾನು 8 ಜಿಬಿಗಿಂತ ಜಾಸ್ತಿ ಮೆಮೊರಿ ಇರುವುದನ್ನೇ ಹೇಳುತ್ತೇನೆ, 1440ಪಿ ಆದರೆ ಖಂಡಿತ.

ಬೋರ್ಡ್ ಹಳೆಯದಾಗಿದ್ದರೆ ಲೇನ್ ಲೆಕ್ಕ ನೋಡಿ. 4060, ಆರ್‌ಎಕ್ಸ್ 7600 ಥರದ ಕಾರ್ಡುಗಳು ಬಳಸುವುದು ಎಂಟೇ ಲೇನ್. ಪಿಸಿಐ ಎಕ್ಸ್‌ಪ್ರೆಸ್ 3 ಬೋರ್ಡಿನಲ್ಲಿ ಸ್ವಲ್ಪ ವೇಗ ಕಳೆದುಕೊಳ್ಳುತ್ತವೆ, ಮೆಮೊರಿ ತುಂಬಿದಾಗ ಇನ್ನೂ ಜಾಸ್ತಿ. 4 ಜಿಬಿ ಮೆಮೊರಿ, ನಾಲ್ಕೇ ಲೇನ್ ಇರುವ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಹಳೆಯ ಬೋರ್ಡಿಗೆ ಹಾಕಲೇಬೇಡಿ. ಇಂಟೆಲ್ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ಸೌಲಭ್ಯ) ಬೇಕು, ಅದು ಇಲ್ಲದ ಬೋರ್ಡಿನಲ್ಲಿ ಅವು ತುಂಬಾ ಹಿಂದೆ ಬೀಳುತ್ತವೆ.

ಕಾರ್ಡ್ ಕೈಗೆ ಬಂದ ಮೇಲೆ ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದು ಹಾಕಿ. ಎರಡು ಪವರ್ ಸಾಕೆಟ್ ಇರುವ ಕಾರ್ಡಿಗೆ ಸಪ್ಲೈಯಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲಿನ ಎರಡು ತುದಿ ಚುಚ್ಚಬೇಡಿ. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕದೆ ಕಾರ್ಡಿನ ಪೋರ್ಟಿಗೇ ಹಾಕಿ. ಆಮೇಲೆ ಮಾನಿಟರಿನ ರಿಫ್ರೆಶ್ ರೇಟ್ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಎಷ್ಟಕ್ಕೆ ನಿಂತಿದೆ ಅಂತ ಒಮ್ಮೆ ನೋಡಿ. 144 ಹರ್ಟ್ಸ್ ಮಾನಿಟರ್ 60ರಲ್ಲೇ ಓಡುತ್ತಿರುವುದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಮನೆಗಳಲ್ಲಿ.