ಕ್ವಾಂಟಮ್ ಥಿಯರಿಯಲ್ಲಿ ಪಿಎಚ್‌ಡಿ ಮಾಡಲು ಮುಂಬೈ ಬಿಟ್ಟು ಹೋಗಲೇಬೇಕಾ?

ಪ್ರಶ್ನೆ: ನಾವು ಡೊಂಬಿವಲಿಯವರು. ಮಗಳು ಎಂ.ಎಸ್ಸಿ. ಫಿಸಿಕ್ಸ್ ಮೊದಲ ವರ್ಷದಲ್ಲಿದ್ದಾಳೆ. ಕ್ವಾಂಟಮ್ ಥಿಯರಿಯಲ್ಲೇ ಪಿಎಚ್‌ಡಿ ಮಾಡುತ್ತೇನೆ ಅಂತಾಳೆ. ಅದಕ್ಕೆ ವಿದೇಶಕ್ಕೇ ಹೋಗಬೇಕಾ, ಇಲ್ಲೇ ಆಸುಪಾಸಿನಲ್ಲಿ ಆಗುತ್ತದಾ? ಖರ್ಚು ಎಷ್ಟು ಬರಬಹುದು?

ಉತ್ತರ: ಖರ್ಚಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಮುಂಬೈ ಕನ್ನಡಿಗರ ಮನೆಗಳಲ್ಲಿ ಹೆಚ್ಚು ಚಿಂತೆ ಅದರದ್ದೇ. ಒಳ್ಳೆಯ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ದುಡ್ಡು ನೀವು ಕೊಡುವುದಲ್ಲ, ಅವಳಿಗೇ ಬರುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್ (ಮೊದಲ ಎರಡು ವರ್ಷದ) ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಎಸ್‌ಆರ್‌ಎಫ್, ಅಂದರೆ ಹಿರಿಯ ಫೆಲೋ ಆದರೆ 42,000. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಐಐಟಿಗಳಲ್ಲಿ ಸ್ವಲ್ಪ ಫೀಸ್ ಇರುತ್ತದೆ ನಿಜ, ಆದರೆ ಈ ಮೊತ್ತದ ಮುಂದೆ ಅದು ಸಣ್ಣದು. ಸಾಲ ಮಾಡುವ ಓದು ಇದಲ್ಲ.

ಇನ್ನು ಜಾಗ. ಕೊಲಾಬಾದ ನೇವಿ ನಗರದಲ್ಲಿ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಇದೆ. ಹೋಮಿ ಭಾಭಾ ಇದನ್ನು 1945ರಲ್ಲಿ ಶುರು ಮಾಡಿದ್ದು ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿ, ಅದೇ ವರ್ಷ ಮುಂಬೈಗೆ ಬಂತು. ಥಿಯರಿ, ಅಂದರೆ ಪ್ರಯೋಗವಲ್ಲದೆ ಲೆಕ್ಕದಿಂದ ಮಾಡುವ ಸಂಶೋಧನೆ, ಅಂದಾಗ ನನಗೆ ಮೊದಲು ನೆನಪಾಗುವ ಹೆಸರು ಇದೇ. ಪೊವಾಯಿಯಲ್ಲಿ ಐಐಟಿ ಬಾಂಬೆ. ಪುಣೆಯ ಪಾಷಾಣದಲ್ಲಿ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಯ ಸಂಸ್ಥೆ ಐಸರ್. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯೂಕಾದಲ್ಲಿ ಗುರುತ್ವ ಮತ್ತು ಖಗೋಳದ ಕೆಲಸ ಜಾಸ್ತಿ. ಗೋವಾದಲ್ಲಿ ಫರ್ಮಾಗುಡಿಯ ಐಐಟಿ ಮತ್ತು ಝುವಾರಿನಗರದ ಬಿಟ್ಸ್ ಇವೆ. ಝುವಾರಿನಗರದಲ್ಲಂತೂ ಉತ್ತರ ಕರ್ನಾಟಕದ ಕನ್ನಡ ದಿನಾ ಕಿವಿಗೆ ಬೀಳುತ್ತದೆ. ಇಷ್ಟೆಲ್ಲ ಹತ್ತಿರದಲ್ಲಿರುವಾಗ ವಿದೇಶ ಒಂದೇ ದಾರಿ ಅಂದುಕೊಳ್ಳಬೇಕಾಗಿಲ್ಲ.

ಆದರೆ ಸಂಸ್ಥೆಗಿಂತ ಮೊದಲು ಮಗಳಿಗೆ ಒಂದು ಪ್ರಶ್ನೆ ಕೇಳಿ: ಯಾವ ಕ್ವಾಂಟಮ್? ಪರಮಾಣು, ಇಲೆಕ್ಟ್ರಾನ್‌ನಂಥ ಅತಿ ಸಣ್ಣ ಕಣಗಳ ನಿಯಮಗಳಿಗೆ ಒಟ್ಟಾಗಿ ಇರುವ ಹೆಸರು ಅದು. ಲಕ್ಷಾಂತರ ಇಲೆಕ್ಟ್ರಾನ್‌ಗಳು ಒಂದು ಹರಳಿನಲ್ಲಿ ಒಟ್ಟಾಗಿ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದು ಕಂಡೆನ್ಸ್ಡ್ ಮ್ಯಾಟರ್ ಥಿಯರಿ. ಕಪ್ಪು ಕುಳಿ, ಸ್ಟ್ರಿಂಗ್, ಮೂಲ ಕಣಗಳು ಅಂದರೆ ಹೈ ಎನರ್ಜಿ ಥಿಯರಿ. ಕ್ವಾಂಟಮ್ ಕಂಪ್ಯೂಟರಿನ ತಪ್ಪು ತಿದ್ದುವುದು, ಮಾಹಿತಿಯನ್ನು ಸುರಕ್ಷಿತವಾಗಿ ಕಳಿಸುವುದು ಕ್ವಾಂಟಮ್ ಇನ್ಫರ್ಮೇಷನ್. ಮೂರೂ ಕ್ವಾಂಟಮ್ಮೇ. ಆದರೆ ಬೇಕಾಗುವ ಗಣಿತ, ದಿನದ ಕೆಲಸ, ಮುಂದಿನ ನೌಕರಿ ಮೂರಕ್ಕೂ ಬೇರೆ ಬೇರೆ. ಸುಮ್ನೆ ‘ಕ್ವಾಂಟಮ್’ ಅಂತ ಹೊರಟವರು ಎರಡನೇ ವರ್ಷದಲ್ಲಿ ಒದ್ದಾಡುತ್ತಾರೆ.

ಈಗ ಎಲ್ಲರ ಬಾಯಲ್ಲೂ ಇರುವ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಒಟ್ಟು 6,003.65 ಕೋಟಿ ರೂಪಾಯಿ. ಅದರ ನಾಲ್ಕು ಕೇಂದ್ರಗಳಲ್ಲಿ ಸೆನ್ಸಿಂಗ್‌ಗೆ (ಅತಿ ಸೂಕ್ಷ್ಮ ಅಳತೆಗೆ) ಸಂಬಂಧಿಸಿದ್ದು ಐಐಟಿ ಬಾಂಬೆಯಲ್ಲಿದೆ. ಪುಣೆ ಐಸರ್‌ನಲ್ಲೂ ಕ್ವಾಂಟಮ್ ತಂತ್ರಜ್ಞಾನದ್ದೇ ಒಂದು ಹಬ್ ಇದೆ. ಮಿಷನ್ನಿನ ಒತ್ತು ಯಂತ್ರ ಕಟ್ಟುವ ಕಡೆಗೆ, ಶುದ್ಧ ಥಿಯರಿ ಕಡೆಗಲ್ಲ. ಆದರೂ ಅಂಥ ಲ್ಯಾಬ್‌ಗಳಿಗೆ ಲೆಕ್ಕ ಬಲ್ಲವರು ಬೇಕೇ ಬೇಕು. ಪ್ರಯೋಗದವರ ಪಕ್ಕದಲ್ಲಿ ಕೂತು ಥಿಯರಿ ಮಾಡಲು ಇಷ್ಟವಿದ್ದರೆ ಇದು ಒಳ್ಳೆಯ ಕಾಲ.

ಪ್ರವೇಶಕ್ಕೆ ಟಿಐಎಫ್‌ಆರ್ ತನ್ನದೇ ಜಿಎಸ್ ಪರೀಕ್ಷೆ ನಡೆಸುತ್ತದೆ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಬೇರೆ ಕಡೆ ಸಾಮಾನ್ಯವಾಗಿ ಜೆಸ್ಟ್, ಗೇಟ್, ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಒಂದಾದರೂ ಬೇಕು. ಯಾರು ಯಾವುದನ್ನು ಒಪ್ಪುತ್ತಾರೆ ಎಂದು ಆಯಾ ಸಂಸ್ಥೆಯ ಪ್ರವೇಶ ಪ್ರಕಟಣೆಯಲ್ಲೇ ನೋಡಿಕೊಳ್ಳಿ, ಕೋಚಿಂಗ್‌ನವರ ಮಾತಿನ ಮೇಲೆ ಹೋಗಬೇಡಿ.

ಲಿಖಿತ ಪರೀಕ್ಷೆ ದಾಟಿದ ಮೇಲೆ ಇಂಟರ್‌ವ್ಯೂ. ಅಲ್ಲೇ ಹೆಚ್ಚಿನವರು ಎಡವುತ್ತಾರೆ. ಎಂ.ಎಸ್ಸಿ. ಮಕ್ಕಳಿಗೆಲ್ಲ ಗೊತ್ತಿರುವ ಒಂದು ಲೆಕ್ಕ ತೆಗೆದುಕೊಳ್ಳೋಣ. ಡಬ್ಬಿಯೊಳಗೆ ಒಂದು ಕಣ, ಗ್ರೌಂಡ್ ಸ್ಟೇಟ್‌ನಲ್ಲಿದೆ, ಅಂದರೆ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ. ಒಂದು ಗೋಡೆಯನ್ನು ತಟ್ಟನೆ ಸರಿಸಿ ಡಬ್ಬಿಯನ್ನು ಎರಡು ಪಟ್ಟು ಅಗಲ ಮಾಡಿದರು. ಹೊಸ ಡಬ್ಬಿಯ ಗ್ರೌಂಡ್ ಸ್ಟೇಟ್‌ನಲ್ಲಿ ಕಣ ಸಿಗುವ ಸಂಭವ ಎಷ್ಟು? ಹಳೇ ವೇವ್ ಫಂಕ್ಷನ್ನನ್ನು (ಕಣದ ಸ್ಥಿತಿಯನ್ನು ಹೇಳುವ ಗಣಿತ ರೂಪ) ಹೊಸದರೊಂದಿಗೆ ಗುಣಿಸಿ, ಇಂಟಿಗ್ರೇಟ್ ಮಾಡಿ, ವರ್ಗ ಮಾಡಿದರೆ ಸುಮಾರು 0.36 ಬರುತ್ತದೆ. ಇಷ್ಟು ಮಾಡಿದವರಿಗೆ ಮುಂದಿನ ಪ್ರಶ್ನೆ: ಗೋಡೆಯನ್ನು ತುಂಬಾ ನಿಧಾನವಾಗಿ ಸರಿಸಿದ್ದರೆ? ಆಗ ಕಣ ಗ್ರೌಂಡ್ ಸ್ಟೇಟ್‌ನಲ್ಲೇ ಉಳಿಯುತ್ತದೆ, ಆದರೆ ಅದರ ಶಕ್ತಿ ಮೊದಲಿನ ಕಾಲು ಭಾಗಕ್ಕೆ ಇಳಿಯುತ್ತದೆ. ಉಳಿದ ಮುಕ್ಕಾಲು ಎಲ್ಲಿ ಹೋಯಿತು? ಕಣ ಗೋಡೆಯನ್ನು ತಳ್ಳುತ್ತಾ ಮಾಡಿದ ಕೆಲಸಕ್ಕೆ ಹೋಯಿತು. ತಟ್ಟನೆ ಸರಿಸಿದಾಗ ತಳ್ಳಲು ಸಮಯವೇ ಸಿಗಲಿಲ್ಲ, ಹಾಗಾಗಿ ಸರಾಸರಿ ಶಕ್ತಿ ಅಷ್ಟೇ ಉಳಿಯಿತು. ಈ ಮೂರನೇ ಹೆಜ್ಜೆಯವರೆಗೆ ತಾನೇ ಯೋಚಿಸಿಕೊಂಡು ಬರುವವರನ್ನು ಸಂದರ್ಶಕರು ಹುಡುಕುತ್ತಿರುತ್ತಾರೆ. ಉತ್ತರ ಬಾಯಿಪಾಠ ಮಾಡಿದವರು ಎರಡನೆಯದಕ್ಕೇ ನಿಂತುಬಿಡುತ್ತಾರೆ.

ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ. ಐದಾರು ವರ್ಷ ಒಬ್ಬರ ಜೊತೆ ಯೋಚನೆ ಮಾಡಬೇಕಲ್ವಾ? ಥಿಯರಿಯಲ್ಲಿ ಒಬ್ಬ ಪ್ರಾಧ್ಯಾಪಕರು ಸಾಮಾನ್ಯವಾಗಿ ಕೆಲವೇ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆ, ಕೆಲವು ವರ್ಷ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಅವರ ಪ್ರಬಂಧಗಳು ಆರ್ಕೈವ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಇತ್ತೀಚಿನ ಎರಡು ಮೂರರ ಮೊದಲ ಪುಟಗಳನ್ನಾದರೂ ಮಗಳು ಓದಲಿ. ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಮುಂದೆ ಓದಬೇಕು ಅನ್ನಿಸಿತಾ ಅನ್ನುವುದನ್ನು ನೋಡಲಿ. ಗೈಡ್‌ಗೆ ಇಮೇಲ್ ಬರೆಯುವಾಗ ಆ ಪ್ರಬಂಧದ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಲಿ. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಉತ್ತರ ಬರುವುದು ಕಷ್ಟ. ಅಲ್ಲಿ ಈಗಾಗಲೇ ಪಿಎಚ್‌ಡಿ ಮಾಡುತ್ತಿರುವವರನ್ನೂ ಮಾತಾಡಿಸಲಿ. ಗೈಡ್ ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ಸಿಕ್ಕಿಹಾಕಿಕೊಂಡಾಗ ಏನು ಮಾಡುತ್ತಾರೆ ಅನ್ನುವುದು ಅವರಿಗೇ ಗೊತ್ತು.

ಪಿಎಚ್‌ಡಿ ಮುಗಿದ ಕೂಡಲೇ ಪ್ರಾಧ್ಯಾಪಕರ ಹುದ್ದೆ ಸಿಗುವುದಿಲ್ಲ ಅನ್ನುವುದನ್ನು ಮನೆಯವರು ಮೊದಲೇ ತಿಳಿದಿರಬೇಕು. ಎರಡು ಮೂರು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಒಂದೋ ಎರಡೋ ಆಗಬೇಕು. ವಿದೇಶಕ್ಕೆ ಹೋಗುವುದಿದ್ದರೆ ಆಗ ಹೋಗಬಹುದು, ಸಂಬಳದ ಮೇಲೆ. ಕೋಡ್ ಬರೆಯಲು ಚೆನ್ನಾಗಿ ಕಲಿತವರಿಗೆ ಕಂಪನಿಗಳ ಬಾಗಿಲೂ ತೆರೆದಿರುತ್ತದೆ. ಅದಕ್ಕೇ, ಥಿಯರಿ ಮಾಡುವವಳಿಗೆ ಪ್ರೋಗ್ರಾಮಿಂಗ್ ಯಾಕೆ ಅಂತ ಕೇಳಬೇಡಿ.

ಈ ವರ್ಷ ಮಾಡಬೇಕಾದದ್ದು: ಟಿಐಎಫ್‌ಆರ್‌ನ ವಿಎಸ್‌ಆರ್‌ಪಿ ಅನ್ನುವ ಬೇಸಿಗೆ ಕಾರ್ಯಕ್ರಮಕ್ಕೆ ಅರ್ಜಿ ಹಾಕಲಿ. ಆಯ್ಕೆಯಾದರೆ ರಜೆಯಲ್ಲಿ ಕೆಲವು ವಾರ ಅಲ್ಲಿನ ಒಬ್ಬರ ಜೊತೆ ಕೆಲಸ ಮಾಡಿ ನೋಡಬಹುದು. ದಿನವಿಡೀ ಒಂದೇ ಸಮೀಕರಣದ ಮುಂದೆ ಕೂರುವುದು ತನಗೆ ಒಗ್ಗುತ್ತದಾ ಅಂತ ಅವಳಿಗೇ ಗೊತ್ತಾಗುತ್ತದೆ, ಎರಡನೇ ವರ್ಷದ ಪರೀಕ್ಷೆ ಅರ್ಜಿಗಳು ಶುರುವಾಗುವ ಮೊದಲೇ.