ಇಳಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ

"ಮೇಡಂ, ಬೆಳಗ್ಗೆ ಐದಕ್ಕೇ ಇಳಿದುಬಿಡ್ತೀವಿ. ಅಲ್ಲಿಗೆ ಮೊದಲ ದಿನ ಪೂರ್ತಿ ಸಿಕ್ಕಿತು ಅಲ್ವಾ?"

ಬ್ಯಾಂಕಾಕ್‌ಗೆ ಹೊರಡುವ ಗೆಳೆಯರ ಗುಂಪು ಟ್ರಾವೆಲ್ಸ್ ಆಫೀಸಿನಲ್ಲಿ ನನ್ನ ಮೇಜಿನ ಮುಂದೆ ಕೂತಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಜೊತೆಗೆ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಸೇರಿ ಮಾಡಿದ ಪಟ್ಟಿಯೂ ಬರುತ್ತದೆ. ಬೆಳಗ್ಗೆ ಗ್ರ್ಯಾಂಡ್ ಪ್ಯಾಲೇಸ್, ಅಲ್ಲಿಂದ ವಾಟ್ ಫೋ ದೇವಸ್ಥಾನ, ನದಿ ದಾಟಿ ವಾಟ್ ಅರುಣ್ ದೇವಸ್ಥಾನ, ಮಧ್ಯಾಹ್ನ ಒಂದು ಮಾಲ್, ಸಂಜೆ ದೋಣಿ ವಿಹಾರ, ರಾತ್ರಿ ಚೀನೀ ಪೇಟೆಯ ಯಾವೊರಾತ್ ಬೀದಿಯಲ್ಲಿ ತಿನ್ನುವುದು. ಎಲ್ಲವೂ ನೋಡಲೇಬೇಕಾದ ಜಾಗಗಳೇ. ಎಲ್ಲವನ್ನೂ ಇಳಿದ ದಿನವೇ ತುರುಕಿದ್ದಾರೆ ಅನ್ನುವುದೊಂದೇ ನನ್ನ ತಕರಾರು.

ವೀಸಾ, ಅಲ್ಲಿನ ದುಡ್ಡಾದ ಬಾಟ್, ಸಿಮ್ ಕಾರ್ಡ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವೆಲ್ಲ ಈಗ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಉಳಿದಿರುವುದು ಈ ಮೊದಲ ದಿನದ ಲೆಕ್ಕ. ಎಷ್ಟು ಸಲ ಹೇಳಿದರೂ ಜನ ತಲೆ ಆಡಿಸುತ್ತಾರೆ, ಮನೆಗೆ ಹೋಗಿ ಹಳೇ ಪಟ್ಟಿಯನ್ನೇ ಮತ್ತೆ ಕಳಿಸುತ್ತಾರೆ. ಅದಕ್ಕೇ ಇವತ್ತು ಉದ್ದಕ್ಕೆ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಅಂದರೆ ಸುಮಾರು ನಾಲ್ಕು ಗಂಟೆ. ರಾತ್ರಿ ಹನ್ನೆರಡರ ಸುಮಾರಿಗೆ ಹೊರಡುವ ವಿಮಾನ ಅಂತಿಟ್ಟುಕೊಳ್ಳಿ. ದೇವನಹಳ್ಳಿಗೆ ಒಂಬತ್ತಕ್ಕೆ ಮುಟ್ಟಬೇಕು ಅಂದರೆ ಜಯನಗರದವರು ಏಳು ಗಂಟೆಗಾದರೂ ಮನೆ ಬಿಡಬೇಕು. ತುಮಕೂರು, ದಾವಣಗೆರೆ ಕಡೆಯವರು ಇನ್ನೂ ಬೇಗ. ಹೊರಡುವ ದಿನ ಯಾರೂ ರಜೆ ಹಾಕಿರುವುದಿಲ್ಲ. ಮಧ್ಯಾಹ್ನದವರೆಗೆ ಆಫೀಸು, ಆಮೇಲೆ ಪ್ಯಾಕಿಂಗ್. ವಿಮಾನ ಮೇಲೇರಿದ ಮೇಲೆ ಊಟ, ಚಹಾ, ಗಾಡಿ ಓಡಾಟ. ದೀಪ ಆರುವಷ್ಟರಲ್ಲಿ ಒಂದೂವರೆ. ಮೂರು ಗಂಟೆ ಆಗುತ್ತಿದ್ದಂತೆ ಮತ್ತೆ ದೀಪ, ಬೆಲ್ಟು, ಘೋಷಣೆ. ನಾಲ್ಕಕ್ಕೆ ಇಳಿಯುತ್ತೀರಿ. ಥಾಯ್ಲೆಂಡ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ ಇರುವುದರಿಂದ ಅಲ್ಲಿ ಆಗ ಐದೂವರೆ.

"ವಿಮಾನದಲ್ಲೇ ಮಲಗ್ತೀವಿ ಬಿಡಿ ಮೇಡಂ" ಅನ್ನುತ್ತಾರಲ್ಲ, ಆ ನಿದ್ದೆ ಈ ಒಂದೂವರೆ ಗಂಟೆ. ಅದೂ ಕುತ್ತಿಗೆ ಓರೆ ಮಾಡಿಕೊಂಡು, ಪಕ್ಕದ ಗೆಳೆಯ ಮಾತು ನಿಲ್ಲಿಸಿದರೆ. ಗೆಳೆಯರು ಜೊತೆಯಲ್ಲಿ ಕೂತಾಗ ಮಾತು ನಿಲ್ಲುವುದಿಲ್ಲ, ನಾನು ನೋಡಿದ್ದೇನೆ. ಅಮೆರಿಕದಿಂದ ಬಂದವರ ಹಾಗೆ ಹಗಲು ರಾತ್ರಿ ತಿರುಗುಮುರುಗಾಗುವ ಪ್ರಶ್ನೆ ಇಲ್ಲಿಲ್ಲ. ಒಂದೂವರೆ ಗಂಟೆಯ ಅಂತರವನ್ನು ದೇಹ ಸುಲಭವಾಗಿ ತಡೆದುಕೊಳ್ಳುತ್ತದೆ. ಇದು ಬರೀ ನಿದ್ದೆಗೆಟ್ಟ ರಾತ್ರಿ. ಊರಿನಲ್ಲಿ ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನ ನಾವು ಮದುವೆ ಊಟಕ್ಕೂ ಹೋಗುವುದಿಲ್ಲ. ಪರದೇಶದಲ್ಲಿ ಮಾತ್ರ ಅರಮನೆ ನೋಡಲು ಹೊರಡುತ್ತೇವೆ.

ಈಗ ಮುಖ್ಯ ವಿಷಯ. ಇಮಿಗ್ರೇಷನ್ ಸಾಲು, ಲಗೇಜು, ವ್ಯಾನು ಎಲ್ಲ ಮುಗಿದು ಹೋಟೆಲ್ ಬಾಗಿಲಿಗೆ ಬರುವಾಗ ಏಳೂವರೆ, ಎಂಟು. ಹೋಟೆಲಿನಲ್ಲಿ ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಅಂದರೆ ಆರು ಗಂಟೆ ನಿಮಗೆ ಹಾಸಿಗೆ ಇಲ್ಲ, ಸ್ನಾನದ ಮನೆ ಇಲ್ಲ. ಪಟ್ಟಿ ಮಾಡುವಾಗ ಯಾರ ಕಣ್ಣಿಗೂ ಬೀಳದ ಆರು ಗಂಟೆ ಇದು.

ಇದಕ್ಕೆ ನಾನು ಹೇಳುವ ಪರಿಹಾರ ಒಂದೇ. ಹಿಂದಿನ ರಾತ್ರಿಯಿಂದ ರೂಮು ತೆಗೆದುಕೊಳ್ಳಿ. ತಕ್ಷಣ ಬರುವ ಉತ್ತರವೂ ಒಂದೇ. "ಆ ರಾತ್ರಿ ನಾವು ವಿಮಾನದಲ್ಲಿ ಇರ್ತೀವಲ್ಲ ಮೇಡಂ, ಇಲ್ಲದ ರಾತ್ರಿಗೆ ಯಾಕೆ ದುಡ್ಡು ಕೊಡಬೇಕು?"

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಹೋಟೆಲಿನವರು ರೂಮನ್ನು ರಾತ್ರಿಯ ಲೆಕ್ಕದಲ್ಲಿ ಮಾರುತ್ತಾರೆ. 13ನೇ ತಾರೀಖಿನ ರಾತ್ರಿ ಅಂದರೆ 13ರ ಮಧ್ಯಾಹ್ನ ಎರಡರಿಂದ 14ರ ಮಧ್ಯಾಹ್ನ ಹನ್ನೆರಡರವರೆಗೆ. ನೀವು 14ರ ಬೆಳಗ್ಗೆ ಎಂಟಕ್ಕೆ ಹೋಟೆಲಿಗೆ ಬಂದಾಗ ಅಲ್ಲಿ ಇನ್ನೂ 13ನೇ ತಾರೀಖಿನ ರಾತ್ರಿಯೇ ನಡೆಯುತ್ತಿರುತ್ತದೆ. ನೀವು 14ರಿಂದ ಬುಕ್ ಮಾಡಿದ್ದರೆ ನಿಮ್ಮ ರೂಮಿನಲ್ಲಿ ಬೇರೆಯವರು ಮಲಗಿರುತ್ತಾರೆ. ಅವರು ಎದ್ದು ಹೋಗಬೇಕು, ಹಾಸಿಗೆ ಬದಲಾಗಬೇಕು. ರಿಸೆಪ್ಷನ್‌ನವರು ಕೆಟ್ಟವರಲ್ಲ, ಅವರ ಕೈಯಲ್ಲಿ ರೂಮೇ ಇರುವುದಿಲ್ಲ. 13ರಿಂದ ಬುಕ್ ಮಾಡಿದ್ದರೆ ಬೀಗದ ಕಾರ್ಡು ಕೈಗೆ ಬರುತ್ತದೆ, ಸೀದಾ ಹೋಗಿ ಮಲಗುತ್ತೀರಿ. ನೀವು ದುಡ್ಡು ಕೊಡುತ್ತಿರುವುದು 14ರ ಬೆಳಗ್ಗಿನ ಆ ಹಾಸಿಗೆಗೆ.

ಮತ್ತೂ ಒಂದು ವಿಷಯ. ತಿಂಡಿ ಸೇರಿದ ದರದಲ್ಲಿ ಬುಕ್ ಮಾಡಿದ್ದರೆ 13ರ ರಾತ್ರಿಯ ಜೊತೆ ಬರುವುದು 14ರ ಬೆಳಗಿನ ತಿಂಡಿ. ಹೆಚ್ಚಿನ ಹೋಟೆಲುಗಳಲ್ಲಿ ಹೀಗೇ ಇರುತ್ತದೆ. ಆದರೂ ಒಮ್ಮೆ ಕೇಳಿಕೊಳ್ಳಿ. ಹಾಸಿಗೆ, ಸ್ನಾನ, ತಿಂಡಿ ಮೂರೂ ಇದರಲ್ಲಿ ಬಂತಲ್ಲ. ಇಬ್ಬರು ಹಂಚಿಕೊಂಡ ರೂಮಿಗೆ ಈ ಒಂದು ರಾತ್ರಿಯ ಬಾಡಿಗೆ, ತಲೆಗೆ ಬಿದ್ದಷ್ಟು ಲೆಕ್ಕ ಹಾಕಿ. ನಾಲ್ಕು ದಿನದ ಪ್ರವಾಸದಲ್ಲಿ ಒಂದು ದಿನ ಹಾಳಾಗುವುದನ್ನು ಅದಕ್ಕೆ ಹೋಲಿಸಿ.

"ಬೇಗ ಚೆಕ್-ಇನ್ ಕೊಡಿ ಅಂತ ರಿಕ್ವೆಸ್ಟ್ ಹಾಕಿದ್ದೀವಿ" ಅಂತ ಹೇಳುವವರಿದ್ದಾರೆ. ಅದು ಬರೀ ಕೋರಿಕೆ. ರೂಮು ಖಾಲಿ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ಡಿಸೆಂಬರ್ ಕೊನೆಯಲ್ಲಿ, ಅವರ ಹೊಸ ವರ್ಷದ ಸೊಂಗ್‌ಕ್ರಾನ್ ಬರುವ ಏಪ್ರಿಲ್ ನಡುವಿನಲ್ಲಿ, ಅದನ್ನು ನಂಬಿ ಹೋಗಬೇಡಿ. ಸಿಕ್ಕಿದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅರವತ್ತು ದಾಟಿದವರು ಗುಂಪಿನಲ್ಲಿದ್ದರೆ ಸಿಗಬಹುದು ಅನ್ನುವ ಮಾತಿನ ಮೇಲೆ ನಾನು ಟಿಕೆಟ್ ಮಾಡಿಕೊಡುವುದಿಲ್ಲ.

ರೂಮಿಲ್ಲದವರ ಆ ಆರು ಗಂಟೆ ಹೇಗೆ ಹೋಗುತ್ತದೆ ಅಂತ ಹೇಳುತ್ತೇನೆ. ಲಗೇಜು ಹೋಟೆಲಿನಲ್ಲಿ ಇಟ್ಟು ಸೀದಾ ಗ್ರ್ಯಾಂಡ್ ಪ್ಯಾಲೇಸ್. ಅಲ್ಲಿ ಭುಜ, ಮಂಡಿ ಮುಚ್ಚಿರಬೇಕು ಅನ್ನುವ ನಿಯಮ ಕಟ್ಟುನಿಟ್ಟು. ವಿಮಾನದಲ್ಲಿ ಆರಾಮಾಗಿರಲಿ ಅಂತ ಚಡ್ಡಿ ಹಾಕಿಕೊಂಡವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಪ್ಯಾಂಟು ಹೋಟೆಲಿನ ಸ್ಟೋರ್ ರೂಮಿನ ಸೂಟ್‌ಕೇಸಿನಲ್ಲಿ. ಸರಿ, ಹೊರಗೆ ಬಂದು ಆನೆ ಚಿತ್ರದ ಪೈಜಾಮ ಕೊಳ್ಳಬೇಕು. ಅಷ್ಟರಲ್ಲಿ ಹತ್ತೂವರೆ, ಬಿಸಿಲು ನೆತ್ತಿಗೆ ಬಂದಿರುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ 35 ಡಿಗ್ರಿ ದಾಟುವುದು ಮಾಮೂಲು. ಮಂಗಳೂರಿನವರಿಗೆ ಆ ಸೆಕೆ ಗೊತ್ತು. ಬೆಂಗಳೂರು, ಮೈಸೂರಿನವರು ತತ್ತರಿಸುತ್ತಾರೆ. ಅಂಗಳದಲ್ಲಿ ನೆರಳು ಕಡಿಮೆ.

ಇನ್ನೊಂದು ಅಪಾಯವೂ ಇದೆ. ಅರಮನೆ ಸುತ್ತಮುತ್ತ ಒಬ್ಬ ನೀಟಾಗಿ ಬಟ್ಟೆ ಹಾಕಿಕೊಂಡ ಮನುಷ್ಯ ನಗುತ್ತಾ ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ" ಅನ್ನುತ್ತಾನೆ. ಟುಕ್‌ಟುಕ್‌ಗೆ ಕೇಳುವ ಬಾಡಿಗೆ ಬಹಳ ಅಗ್ಗ. ಅದು ಕೊನೆಗೆ ಹರಳಿನ ಅಂಗಡಿ, ಇಲ್ಲವೇ ಸೂಟು ಹೊಲಿಯುವ ಅಂಗಡಿಗೆ ತಲುಪುತ್ತದೆ. ಇದು ಹಳೇ ಮೋಸ, ಎಲ್ಲರೂ ಕೇಳಿರುತ್ತಾರೆ. ಹಾಗಿದ್ದೂ ಜಾಣರಾದ ನನ್ನ ಗಿರಾಕಿಗಳು ಮೊದಲ ದಿನ ಇದಕ್ಕೆ ಬೀಳುತ್ತಾರೆ, ಎರಡನೇ ದಿನ ಬೀಳುವುದಿಲ್ಲ. ನಿದ್ದೆಗೆಟ್ಟ ತಲೆಗೆ ಅನುಮಾನ ಪಡುವ ಶಕ್ತಿ ಇರುವುದಿಲ್ಲ. ಕೂರಲು ಸೀಟು ಸಿಕ್ಕರೆ ಸಾಕು ಅನಿಸಿರುತ್ತದೆ. ಅರಮನೆ ಸಾಮಾನ್ಯವಾಗಿ ದಿನಾ ಬೆಳಗ್ಗೆ 8.30ಕ್ಕೆ ತೆರೆಯುತ್ತದೆ, ಮಧ್ಯಾಹ್ನ 3.30ಕ್ಕೆ ಟಿಕೆಟ್ ನಿಲ್ಲುತ್ತದೆ. ರಾಜಮನೆತನದ ಸಮಾರಂಭ ಇದ್ದಾಗ ಮುಚ್ಚುವುದುಂಟು. ಅದನ್ನು ಗೇಟಿನ ಹತ್ತಿರವೇ ಹೋಗಿ ಕೇಳಿ ತಿಳಿದುಕೊಳ್ಳಿ.

ದಾವಣಗೆರೆಯ ಒಂದು ಗುಂಪು, ಕಾಲೇಜಿನಿಂದ ಒಟ್ಟಿಗಿದ್ದ ಆರು ಜನ, ಐವತ್ತರ ಆಸುಪಾಸು. ಎಷ್ಟು ಹೇಳಿದರೂ ರೂಮು ಬೇಡ ಅಂದರು. ಬೆಳಗ್ಗೆ ಅರಮನೆ ಮುಗಿಸಿ ಮಧ್ಯಾಹ್ನ ವಾಟ್ ಫೋಗೆ ಬಂದರು. ಅಲ್ಲಿ ಮಲಗಿರುವ ಬುದ್ಧನ ಉದ್ದ 46 ಮೀಟರ್. ಪಾದದಲ್ಲಿ ಮುತ್ತಿನ ಚಿಪ್ಪಿನಿಂದ 108 ಮಂಗಳ ಚಿಹ್ನೆಗಳನ್ನು ಕೂರಿಸಿದ್ದಾರೆ. ಅದನ್ನು ನೋಡಲು ಅರ್ಧ ಗಂಟೆ ಬೇಕು. ಇವರು ಐದು ನಿಮಿಷದಲ್ಲಿ ಫೋಟೋ ಹೊಡೆದು ಹೊರಗೆ ಬಂದಾಗ ಒಬ್ಬರು ಕಾಣಲಿಲ್ಲ. ಫೋನು ಎತ್ತುತ್ತಿಲ್ಲ. ನನಗೆ ಕರೆ ಬಂತು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಒಂದು ಮಂಟಪದ ನೆರಳಿನಲ್ಲಿ ಬ್ಯಾಗು ತಲೆಗಿಟ್ಟು ನಿದ್ದೆ ಹೋಗಿದ್ದು ಸಿಕ್ಕಿತು. ಅವರಿಗೆ ಶುಗರ್ ಇತ್ತು. ಮಾತ್ರೆ ಸೂಟ್‌ಕೇಸಿನಲ್ಲಿತ್ತು. ಹುಡುಕಿದವರು ಬೈದರು, ಅವರು ತಿರುಗಿ ಬೈದರು. ಮೂವತ್ತು ವರ್ಷದ ಸ್ನೇಹಿತರು ಸಂಜೆಯ ತನಕ ಮಾತಾಡಲಿಲ್ಲ.

ಗೆಳೆಯರ ಗುಂಪುಗಳಲ್ಲಿ ನನಗೆ ಬೇಜಾರಾಗುವುದು ಇದೇ. ಮನೆಯವರ ಜೊತೆ ಹೋದಾಗ ಯಾರೋ ಒಬ್ಬರು "ನನಗಾಗಲ್ಲ, ಕೂತ್ಕೋತೀನಿ" ಅನ್ನುತ್ತಾರೆ. ಗೆಳೆಯರ ನಡುವೆ ಆ ಮಾತನ್ನು ಮೊದಲು ಆಡಲು ಯಾರಿಗೂ ಮನಸ್ಸಿಲ್ಲ. ತನ್ನಿಂದ ಉಳಿದವರ ದಿನ ಹಾಳಾಗಬಾರದು ಅಂತ ಪ್ರತಿಯೊಬ್ಬರೂ ಸುಮ್ನೆ ನಡೆಯುತ್ತಾರೆ. ಆರು ಜನರಿಗೂ ಸುಸ್ತು, ಆರು ಜನರೂ ನಡೆಯುತ್ತಿರುತ್ತಾರೆ. ಒಬ್ಬರ ಮೇಲೊಬ್ಬರಿಗೆ ಇರುವ ಪ್ರೀತಿಯೇ ಹೀಗೆ ಮಾಡಿಸುತ್ತದೆ. ಹಾಗಾಗಿ ಹೊರಡುವ ಮೊದಲೇ ಮೊದಲ ದಿನ ಮಧ್ಯಾಹ್ನದವರೆಗೆ ಎಲ್ಲರೂ ಮಲಗುವುದು ಅಂತ ತೀರ್ಮಾನ ಮಾಡಿಕೊಳ್ಳಿ ಅನ್ನುತ್ತೇನೆ. ಆಗ ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಊಟದ ವಿಷಯಕ್ಕೆ ಬರೋಣ. ಸುಸ್ತಾದ ದಿನ ಹಸಿವು ಸರಿಯಾಗಿ ತಿಳಿಯುವುದಿಲ್ಲ. ಹಗಲೆಲ್ಲ ಐಸ್ ಕಾಫಿ, ತೆಂಗಿನಕಾಯಿ ಐಸ್‌ಕ್ರೀಂ. ರಾತ್ರಿ ಯಾವೊರಾತ್‌ಗೆ ಹೋದಾಗ ಕಂಡಿದ್ದೆಲ್ಲ ಬೇಕು. ಪ್ಯಾಡ್ ಥಾಯ್, ಸುಟ್ಟ ಸ್ಕ್ವಿಡ್, ಕೊನೆಗೆ ಮಾವಿನ ಹಣ್ಣಿನ ಜೊತೆ ತೆಂಗಿನ ಹಾಲಲ್ಲಿ ಅದ್ದಿದ ಅಂಟು ಅನ್ನ. ರುಚಿಗೆ ಎರಡು ಮಾತಿಲ್ಲ. ಆದರೆ ನಿದ್ದೆ ಇಲ್ಲದ, ನೀರು ಕುಡಿಯದ ಹೊಟ್ಟೆಗೆ ರಾತ್ರಿ ಹತ್ತು ಗಂಟೆಗೆ ಅದೆಲ್ಲ ಒಟ್ಟಿಗೆ ಹೋದರೆ ಎರಡನೇ ದಿನವೂ ಕೈ ತಪ್ಪುತ್ತದೆ. ನಾನು ಡಾಕ್ಟರ್ ಅಲ್ಲ. ಬಿಪಿ, ಶುಗರ್ ಇರುವವರು ಮಾತ್ರೆಯ ಹೊತ್ತನ್ನು ತಮ್ಮ ಡಾಕ್ಟರ ಹತ್ತಿರವೇ ಕೇಳಿಕೊಳ್ಳಿ, ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಒಆರ್‌ಎಸ್ ಪೊಟ್ಟಣವನ್ನೂ ಇಟ್ಟುಕೊಂಡಿರಿ.

ಸಸ್ಯಾಹಾರಿಗಳಿಗೆ ಮೊದಲ ರಾತ್ರಿ ಬೀದಿ ಅಂಗಡಿ ಬೇಡವೇ ಬೇಡ. ಮಾಂಸ ಹಾಕಬೇಡಿ ಅಂದರೆ ಹಾಕುವುದಿಲ್ಲ, ಮೀನಿನ ಸಾಸು ಬಿದ್ದಿರುತ್ತದೆ. ಪಪ್ಪಾಯ ಸಲಾಡಿನಲ್ಲಿ ಒಣಸಿಗಡಿ ಇರುತ್ತದೆ, ಮೇಲೋಗರದ ಮಸಾಲೆಯಲ್ಲಿ ಸಿಗಡಿ ಪೇಸ್ಟು. ಅವರು ಮೋಸ ಮಾಡುತ್ತಿಲ್ಲ, ಅಲ್ಲಿ ಅಡುಗೆ ಇರುವುದೇ ಹಾಗೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ 'ಜೇ' ಅಂಗಡಿ ಹುಡುಕಬೇಕು. ಅಲ್ಲಿ ಮೀನಿನ ಸಾಸೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿದ್ದೆಗಣ್ಣಿನಲ್ಲಿ ಇದನ್ನೆಲ್ಲ ವಿಚಾರಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮೊದಲ ರಾತ್ರಿ ಪಾಹುರತ್ ಕಡೆಗೆ ಹೋಗಿ. ಅದು ಅಲ್ಲಿನ ಇಂಡಿಯನ್ ಪೇಟೆ, ದೊಡ್ಡ ಗುರುದ್ವಾರ ಇದೆ, ಸುತ್ತ ರೊಟ್ಟಿ ದಾಲ್ ಸಿಗುತ್ತದೆ. ಪರದೇಶಕ್ಕೆ ಬಂದು ದಾಲ್ ಯಾಕೆ ಅಂತ ಗುಂಪಿನಲ್ಲಿ ಒಬ್ಬರಾದರೂ ಮುಖ ಸಣ್ಣ ಮಾಡುತ್ತಾರೆ. ಮಾಡಲಿ. ಯಾವೊರಾತ್ ಅಲ್ಲಿಂದ ದೂರವಿಲ್ಲ, ಮಾರನೇ ರಾತ್ರಿ ಹೋಗಬಹುದು.

ಹಾಗಾದರೆ ಮೊದಲ ದಿನ ಏನೂ ನೋಡಬಾರದಾ? ನೋಡಿ. ಎಂಟಕ್ಕೆ ತಿಂಡಿ ತಿಂದು, ಸ್ನಾನ ಮಾಡಿ, ಒಂದರವರೆಗೆ ಮಲಗಿ. ಅದಕ್ಕಿಂತ ಜಾಸ್ತಿ ಮಲಗಿದರೆ ರಾತ್ರಿ ನಿದ್ದೆ ಬರುವುದು ಕಷ್ಟ. ಹಗುರವಾಗಿ ಊಟ ಮಾಡಿ ನಾಲ್ಕೂವರೆಗೆ ಹೊರಡಿ. ಚಾವೊ ಫ್ರಾಯ ನದಿಯ ಸಾರ್ವಜನಿಕ ದೋಣಿ ಹತ್ತಿ ಥಾ ಟಿಯೆನ್ ಕಟ್ಟೆಯ ಕಡೆ ಇಳಿಯಿರಿ. ಎದುರು ದಂಡೆಯಲ್ಲಿ ವಾಟ್ ಅರುಣ್ ಇದೆ. ಅದು ಪಶ್ಚಿಮದ ದಂಡೆ, ಸೂರ್ಯ ಗೋಪುರದ ಹಿಂದೆ ಇಳಿಯುತ್ತಾನೆ. ಈಚೆ ದಡದಲ್ಲಿ ಎಲ್ಲಾದರೂ ಕೂತು ನೋಡಿದರೆ ಸಾಕು. ಆಮೇಲೆ ಕಾಲಿಗೆ ಒಂದು ಗಂಟೆ ಮಸಾಜ್, ಊಟ, ಹತ್ತಕ್ಕೆ ಹಾಸಿಗೆ. ಗ್ರ್ಯಾಂಡ್ ಪ್ಯಾಲೇಸ್ ಎರಡನೇ ದಿನ, ಬಾಗಿಲು ತೆರೆಯುವ ಹೊತ್ತಿಗೇ.

ಎರಡನೇ ದಿನ ಯಾಕೆ ಅಂತ ಹೇಳಲು ಸಾಗರದ ಶಿಕ್ಷಕಿಯರ ಗುಂಪೊಂದು ನೆನಪಾಗುತ್ತದೆ. ಅವರು ಮೊದಲ ದಿನ ನಾನು ಹೇಳಿದಂತೆ ಮಲಗಿದರು. ಮರುದಿನ ಬೆಳಗ್ಗೆ ಗ್ರ್ಯಾಂಡ್ ಪ್ಯಾಲೇಸ್ ಆವರಣದಲ್ಲೇ ಇರುವ ಪಚ್ಚೆ ಬುದ್ಧನ ಗುಡಿಯ ಸುತ್ತಲಿನ ಮೊಗಸಾಲೆಗೆ ಬಂದರು. ಅಲ್ಲಿ ಗೋಡೆಯುದ್ದಕ್ಕೂ 178 ಭಾಗಗಳಲ್ಲಿ ಥಾಯ್ ರಾಮಾಯಣ ಬರೆದಿದ್ದಾರೆ. ಅವಸರದಲ್ಲಿರುವವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ತಿರುಗಿಯೂ ನೋಡುವುದಿಲ್ಲ. ಇವರು ಒಂದೊಂದೇ ನೋಡುತ್ತಾ ನಡೆದರು. ಅಲ್ಲಿಯ ಕಥೆಯಲ್ಲಿ ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ಮತ್ಸ್ಯಕನ್ಯೆ ರಾವಣನ ಮಗಳು. ಹನುಮಂತ ಅವಳನ್ನು ಪ್ರೀತಿಸುತ್ತಾನೆ. ಒಬ್ಬರಿಗೆ ಸಿಟ್ಟೇ ಬಂತು. "ನಮ್ಮ ಹನುಮಪ್ಪ ಬ್ರಹ್ಮಚಾರಿ ಕಣೇ, ಇದೇನಿದು?" ಇನ್ನೊಬ್ಬರು "ನಮ್ಮಲ್ಲೂ ಹನುಮಪ್ಪನ ಮಗ ಮಕರಧ್ವಜನ ಕಥೆ ಇಲ್ವೇನೇ?" ಅಂದರು. ಆ ಚರ್ಚೆ ಮಧ್ಯಾಹ್ನದ ಊಟದವರೆಗೂ ನಡೆಯಿತು. ಅವರು ನೋಡಿದ್ದು ಪಟ್ಟಿಯ ಅರ್ಧ ಜಾಗ. ಈಗಲೂ ಫೋನ್ ಮಾಡಿದರೆ ಆ ಗೋಡೆಯ ಮಾತು ತೆಗೆಯುತ್ತಾರೆ.

ಹಿಂದಿನ ರಾತ್ರಿಯ ರೂಮಿಗೆ ಖಂಡಿತ ದುಡ್ಡಿಲ್ಲ ಅನ್ನುವವರಿಗೆ ಎರಡು ದಾರಿ ಇವೆ. ಹಗಲಿನ ವಿಮಾನ ಸಿಗುತ್ತದಾ ನೋಡಿ. ಸಂಜೆ ಇಳಿದು ರಾತ್ರಿ ಮಲಗಿದರೆ ಈ ತಾಪತ್ರಯವೇ ಇಲ್ಲ. ಇಲ್ಲವಾದರೆ ಗುಂಪಿನಲ್ಲಿ ವಯಸ್ಸಾದವರು, ಔಷಧಿ ತೆಗೆದುಕೊಳ್ಳುವವರು ಇಬ್ಬರಿಗಾದರೂ ಒಂದು ರೂಮು ಹಿಂದಿನ ರಾತ್ರಿಯಿಂದ ತೆಗೆಯಿರಿ. ಉಳಿದವರು ಅಲ್ಲೇ ಸ್ನಾನ ಮಾಡಬಹುದೇ ಅಂತ ಹೋಟೆಲಿನವರನ್ನು ಮೊದಲೇ ಕೇಳಿ. ಎಷ್ಟು ಜನ ಒಳಗೆ ಹೋಗಬಹುದು ಅನ್ನುವ ನಿಯಮ ಒಂದೊಂದು ಕಡೆ ಒಂದೊಂದು ಥರ.

ಹಿಂದಿನ ರಾತ್ರಿಯಿಂದ ಬುಕ್ ಮಾಡಿದವರು ಒಂದು ಕೆಲಸ ಮರೆಯಬೇಡಿ. 13ರ ರಾತ್ರಿ ನೀವು ಬರದಿದ್ದರೆ ಬರುವುದೇ ಇಲ್ಲ ಅಂದುಕೊಂಡು ಕೆಲವು ಹೋಟೆಲಿನವರು ಇಡೀ ಬುಕಿಂಗ್ ರದ್ದು ಮಾಡಿಬಿಡುತ್ತಾರೆ. ನಾವು 14ರ ಬೆಳಗ್ಗೆ ಎಂಟರ ಸುಮಾರಿಗೆ ಬರುತ್ತೇವೆ, 13ರಿಂದಲೇ ರೂಮು ಹಿಡಿದಿಡಿ ಅಂತ ವಿಮಾನದ ನಂಬರ್ ಸಮೇತ ಮೇಲ್ ಹಾಕಿ. ಅವರ ಉತ್ತರ ಬಂದ ಮೇಲೆ ಅದನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.